ಡಬ್ಬದ ಮೇಲೆ ಬರೆಯದ್ದು

1

ಮೇಜಿನ ಮೇಲಿರುವುದು ಕ್ಯಾನನ್ ಪವರ್‌ಶಾಟ್ ಎ490. 2010ರ ಮಾದರಿ. ಕಂಪನಿಯ ಆ ವರ್ಷದ ಪಟ್ಟಿಯಲ್ಲಿ ತಳದ ಸಾಲಿನದು. ಎರಡು ಪೆನ್ಸಿಲ್ ಸೆಲ್, ಒಂದು ಎಸ್‌ಡಿ ಕಾರ್ಡ್, ಎರಡೂವರೆ ಇಂಚಿನ ಪರದೆ. ಇದನ್ನು ಮಾರುವಾಗ ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದದ್ದು 10 ಮೆಗಾಪಿಕ್ಸೆಲ್.

2

ಅತಿ ದೊಡ್ಡ ಚಿತ್ರದ ಅಳತೆ ಅಡ್ಡಕ್ಕೆ 3648, ಉದ್ದಕ್ಕೆ 2736. ಗುಣಿಸಿದರೆ 99,80,928. ಒಂದು ಕೋಟಿಗೆ 19,072 ಕಡಿಮೆ.

3

ಬೆಳಕು ಹಿಡಿಯುವ ಸೆನ್ಸರ್‌ನ ಈ ಕೋಟಿ ಚುಕ್ಕಿಗಳಲ್ಲಿ ಅರ್ಧದಷ್ಟಕ್ಕೆ ಹಸಿರು ಮಾತ್ರ ಕಾಣುತ್ತದೆ. ಕಾಲು ಪಾಲಿಗೆ ಕೆಂಪು, ಕಾಲು ಪಾಲಿಗೆ ನೀಲಿ. ಪ್ರತಿ ಚುಕ್ಕಿಯ ಮೇಲೂ ಒಂದೊಂದು ಬಣ್ಣದ ಸೋಸುಪದರ ಕೂರಿಸಿದ್ದಾರೆ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಮಾಡಿದ ಏರ್ಪಾಡು. ಪೇಟೆಂಟ್ ಸಿಕ್ಕಿದ್ದು 1976ರಲ್ಲಿ.

ಹಸಿರಿನ ಚುಕ್ಕಿಗೆ ಅಲ್ಲಿ ಕೆಂಪು ಎಷ್ಟಿತ್ತು, ನೀಲಿ ಎಷ್ಟಿತ್ತು ಎಂಬುದು ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಫೋಟೋದ ಬಣ್ಣದಲ್ಲಿ ಮೂರರಲ್ಲಿ ಒಂದು ಪಾಲು ಅಳೆದದ್ದು, ಎರಡು ಪಾಲು ಅಂದಾಜು ಮಾಡಿದ್ದು. ಸೀರೆಯ ಬಣ್ಣ ಸರಿಯಾಗಿ ಬಂದಿಲ್ಲ ಎಂದು ದೂರುವವರಿದ್ದಾರೆ. ಬರುವುದೇ ಹೆಚ್ಚು.

4

ಆ ಚಿತ್ರವನ್ನು ನೋಡುವುದು ಬೆನ್ನಿನ ಪರದೆಯಲ್ಲಿ. ಪರದೆಗೆ 1,15,000 ಬಿಂದುಗಳು. ಕೆಂಪು, ಹಸಿರು, ನೀಲಿ ಸೇರಿದರೆ ಪೂರ್ತಿ ಬಣ್ಣದ ಒಂದು ಪಿಕ್ಸೆಲ್. ಹಾಗಾಗಿ ಮೂರರಿಂದ ಭಾಗಿಸಬೇಕು. ಉಳಿಯುವುದು ಸುಮಾರು 38,000.

ಸೆನ್ಸರ್‌ನಲ್ಲಿ ಒಂದೇ ಬಣ್ಣ ಕಾಣುವ ಚುಕ್ಕಿಯನ್ನೂ ಪಿಕ್ಸೆಲ್ ಎಂದು ಎಣಿಸುತ್ತಾರೆ. ಪರದೆಯಲ್ಲಿ ಅಂಥದ್ದನ್ನೇ ಬಿಂದು ಎಂದು ಎಣಿಸುತ್ತಾರೆ. ಎರಡು ಕಡೆಯೂ ಅಚ್ಚಾಗುವುದು ದೊಡ್ಡ ಅಂಕಿ.

5

38,000 ಪಿಕ್ಸೆಲ್‌ನ ಪರದೆಯಲ್ಲಿ ಯಾವ ಫೋಟೋವೂ ಅಲುಗಿದಂತೆ ಕಾಣುವುದಿಲ್ಲ. ಅಲುಗಿದ್ದು ತಿಳಿಯುವುದು ಮನೆಗೆ ಬಂದ ಮೇಲೆ.

6

ಸೆನ್ಸರ್‌ನ ಅಳತೆಯನ್ನು 1/2.3 ಇಂಚು ಎಂದು ಬರೆಯುತ್ತಾರೆ. ಭಾಗಿಸಿದರೆ 11 ಮಿಲಿಮೀಟರ್. ಸೆನ್ಸರ್‌ನ ಅಗಲ 6.2 ಮಿ.ಮೀ., ಎತ್ತರ 4.6 ಮಿ.ಮೀ., ಮೂಲೆಯಿಂದ ಮೂಲೆಗೆ 7.7 ಮಿ.ಮೀ. 11 ಎಲ್ಲಿಯೂ ಸಿಗುವುದಿಲ್ಲ.

ಹಳೆಯ ಟೀವಿ ಕ್ಯಾಮೆರಾಗಳೊಳಗೆ ಗಾಜಿನ ಕೊಳವೆ ಇರುತ್ತಿತ್ತು. ಇಂಚಿನ ಲೆಕ್ಕ ಆ ಕೊಳವೆಯ ಹೊರಮೈಯದು. ಚಿತ್ರ ಬೀಳುತ್ತಿದ್ದ ಜಾಗ ಅದರ ಸುಮಾರು ಮೂರರಲ್ಲಿ ಎರಡು ಪಾಲು. ಕೊಳವೆ ಹೋಗಿ ದಶಕಗಳಾದವು. ಅದರ ವ್ಯಾಸವನ್ನು ಈಗಲೂ ಬರೆಯುತ್ತಾರೆ.

7

ಸೆನ್ಸರ್‌ನ ವಿಸ್ತೀರ್ಣ 28 ಚದರ ಮಿ.ಮೀ. ಹಿಂದಿನ ರೋಲ್ ಕ್ಯಾಮೆರಾದ ಒಂದು ನೆಗೆಟಿವ್ 864 ಚದರ ಮಿ.ಮೀ. ಸುಮಾರು ಮೂವತ್ತರಲ್ಲಿ ಒಂದು ಪಾಲು. ಅಂಗಡಿಯಲ್ಲಿ ಈ ಅಳತೆ ಕೇಳಿದ ಗಿರಾಕಿಯನ್ನು ನಾನು ಕಂಡಿಲ್ಲ. ಬಣ್ಣ ಕೇಳುತ್ತಾರೆ. ಬೆಳ್ಳಿ ಇದೆಯೇ, ಕೆಂಪು ಇದೆಯೇ.

8

ಒಂದು ಪಿಕ್ಸೆಲ್‌ನ ಅಗಲ 1.7 ಮೈಕ್ರಾನ್.

ಪೂರ್ತಿ ಜೂಮ್ ಮಾಡಿದಾಗ ಲೆನ್ಸ್‌ನ ಕಿಂಡಿ ಎಫ್ 5.8. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಆ ಕಿಂಡಿಯಲ್ಲಿ ಹಾದ ಹಸಿರು ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಬಿಂದುವಾಗಿ ಬೀಳುವುದಿಲ್ಲ. ಸುಮಾರು 8 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಬೀಳುತ್ತದೆ. ಇದು ಬೆಳಕಿನ ಗುಣ, ಕಾರ್ಖಾನೆಯವರ ಕೈಯಲ್ಲಿಲ್ಲ. ಬಿಲ್ಲೆಯ ಅಗಲಕ್ಕೆ ನಾಲ್ಕು ಪಿಕ್ಸೆಲ್ ಹಿಡಿದು ಇನ್ನೂ ಉಳಿಯುತ್ತದೆ.

ಅದೇ ಅಳತೆಯ ಸೆನ್ಸರ್‌ನಲ್ಲಿ 12 ಮೆಗಾಪಿಕ್ಸೆಲ್ ಬಂತು. ಆಮೇಲೆ 16. ಆಮೇಲೆ 20.

9

ಲೆನ್ಸ್‌ನ ಸುತ್ತ ಸಣ್ಣ ಅಕ್ಷರದಲ್ಲಿ ಕೆತ್ತಿದ್ದು: 6.6ರಿಂದ 21.6 ಮಿ.ಮೀ. ಡಬ್ಬದ ಲೆಕ್ಕದಲ್ಲಿ: 37ರಿಂದ 122 ಮಿ.ಮೀ. ಎರಡೂ ಅದೇ ಲೆನ್ಸ್. ಮೊದಲನೆಯದು ಇರುವ ಅಳತೆ. ಎರಡನೆಯದು, ಈ ಕ್ಯಾಮೆರಾದಲ್ಲಿ 35 ಎಂಎಂ ಫಿಲ್ಮ್ ಇದ್ದಿದ್ದರೆ ಇರಬೇಕಾಗಿದ್ದ ಅಳತೆ. ಫಿಲ್ಮ್ ಕ್ಯಾಮೆರಾ ಮುಟ್ಟಿಯೇ ಇಲ್ಲದವರಿಗೂ ಎರಡನೆಯದನ್ನೇ ಹೇಳುತ್ತಾರೆ.

10

37 ಎಂದರೆ ಅಡ್ಡಕ್ಕೆ 50 ಡಿಗ್ರಿ ನೋಟ. ಹತ್ತಡಿ ಕೋಣೆಯಲ್ಲಿ ಸೋಫಾದ ಮೇಲೆ ಕೂತ ಐವರನ್ನು ಹಿಡಿಯಲು ಬೆನ್ನು ಗೋಡೆಗೆ ತಾಗುತ್ತದೆ. ಇನ್ನೂ ಹಿಂದೆ ಸರಿಯಲು ಇರುವುದು ಬಾಗಿಲು. ಬಾಗಿಲಿನಾಚೆ ಬಚ್ಚಲು. ಗೃಹಪ್ರವೇಶದ ಫೋಟೋ ತೆಗೆಯುವವರು ಬಚ್ಚಲಿನಲ್ಲಿ ನಿಂತಿರುವುದನ್ನು ಕಂಡಿದ್ದೇನೆ.

11

ಕಿಂಡಿಯ ವಿಚಾರ. ಜೂಮ್ ಇಲ್ಲದಾಗ ಎಫ್ 3. ಪೂರ್ತಿ ಜೂಮ್‌ಗೆ ಎಫ್ 5.8. ಅಂದರೆ ಬೆಳಕು ಕಾಲು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನ ಅಪ್ಪಂದಿರು ಪೂರ್ತಿ ಜೂಮ್ ಮಾಡುತ್ತಾರೆ. ದೂರ ಹೆಚ್ಚಿದ್ದಲ್ಲಿಯೇ ಬೆಳಕು ಕಡಿಮೆ. ವೇದಿಕೆಯ ಮೇಲೆ ಮಗು ಇರಬೇಕಾದಲ್ಲಿ ಒಂದು ಹಳದಿ ಗೀಟು.

ಅದೇ ಹೊತ್ತಿಗೆ ಸಭಾಂಗಣದ ತುಂಬ ಫ್ಲ್ಯಾಶ್. ಈ ಕ್ಯಾಮೆರಾದ ಫ್ಲ್ಯಾಶ್ ತಲುಪುವುದು ಕೆಲವೇ ಮೀಟರ್. ಬೆಳಗುವುದು ಮುಂದಿನ ಸಾಲಿನವರ ತಲೆಗೂದಲು.

12

ದುಬಾರಿ ಕ್ಯಾಮೆರಾದ ಲೆನ್ಸ್‌ನೊಳಗೆ ತೆಳು ರೆಕ್ಕೆಗಳಿರುತ್ತವೆ. ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಅಗ್ಗದ ಹಲವು ಕ್ಯಾಮೆರಾಗಳಲ್ಲಿ ರೆಕ್ಕೆಗಳಿಲ್ಲ. ಬಿಸಿಲು ಜಾಸ್ತಿಯಾದರೆ ಒಳಗೆ ಬೂದು ಬಣ್ಣದ ಒಂದು ತುಣುಕು ಬಂದು ಅಡ್ಡ ನಿಲ್ಲುತ್ತದೆ. ಬಿಸಿಲು ಇಳಿದರೆ ಸರಿಯುತ್ತದೆ. ಕ್ಯಾಮೆರಾ ತನ್ನಷ್ಟಕ್ಕೆ ತಂಪು ಕನ್ನಡಕ ಹಾಕಿ ತೆಗೆಯುತ್ತದೆ. ಹಾಕಿಕೊಂಡದ್ದು ಹೊರಗಿನಿಂದ ತಿಳಿಯುವುದಿಲ್ಲ.

13

ಚಿತ್ರದ ಆಕಾರ ನಾಲ್ಕಕ್ಕೆ ಮೂರು. ಸ್ಟುಡಿಯೋದಲ್ಲಿ ತೊಳೆಸುವ ಪ್ರಿಂಟ್ ಆರಕ್ಕೆ ನಾಲ್ಕು. ಎರಡೂ ಹೊಂದುವುದಿಲ್ಲ. ಎತ್ತರದಲ್ಲಿ ನೂರಕ್ಕೆ 11 ಪಾಲು ಕತ್ತರಿಸಬೇಕು. ಯಂತ್ರ ಮೇಲೂ ಕೆಳಗೂ ಸಮವಾಗಿ ಕತ್ತರಿಸುತ್ತದೆ.

ಗುಂಪು ಫೋಟೋಗಳಲ್ಲಿ ಹಿಂದಿನ ಸಾಲಿನ ಎತ್ತರದವರು.

14

ಸೆಲ್ಲುಗಳು. ಇದಕ್ಕೆ ಸ್ವಲ್ಪ ಜಾಗ ಬೇಕು.

ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದಿದೆ. ಮತ್ತೆ ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲಿನ ಮೇಲೆ 1.2. ಕಡಿಮೆ ಇರುವುದು ಕ್ಯಾಮೆರಾದಲ್ಲಿ ಹೆಚ್ಚು ಕಾಲ ಬಾಳುತ್ತದೆ. ಲೆನ್ಸ್ ಹೊರಬರುವಾಗ, ಫ್ಲ್ಯಾಶ್ ತುಂಬುವಾಗ ಕ್ಯಾಮೆರಾ ಒಮ್ಮೆಲೇ ಜೋರಾಗಿ ಎಳೆಯುತ್ತದೆ. ಆ ಎಳೆತಕ್ಕೆ ಆಲ್ಕಲೈನ್ ಸೆಲ್ಲಿನ ಒಳಗಿನ ತಡೆ ಅಡ್ಡ ಬರುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಕ್ಯಾಮೆರಾ ಸೆಲ್ ಬದಲಿಸಿ ಎಂದು ಬರೆದು ಮಲಗುತ್ತದೆ. ನಿಕ್ಕಲ್ ಸೆಲ್ಲಿಗೆ ಆ ತಡೆ ಕಡಿಮೆ. 1.2ರ ಆಸುಪಾಸಿನಲ್ಲಿಯೇ ನಿಂತು ಕೊನೆಗೆ ಒಮ್ಮೆಲೇ ಬೀಳುತ್ತದೆ.

15

ಕ್ಯಾಮೆರಾ ಸತ್ತಿದೆ ಎಂದ ಸೆಲ್ ಗೋಡೆ ಗಡಿಯಾರದಲ್ಲಿ ತಿಂಗಳುಗಟ್ಟಲೆ ಓಡುತ್ತದೆ. ಪ್ರವಾಸ ಹೋಗಿ ಬಂದವರ ಮನೆಗಳಲ್ಲಿ ಗಡಿಯಾರ, ಟೀವಿ ರಿಮೋಟು, ಮಕ್ಕಳ ಆಟಿಕೆ ಎಲ್ಲವೂ ಕ್ಯಾಮೆರಾ ಬಿಟ್ಟ ಸೆಲ್ಲಿನಲ್ಲಿ ನಡೆಯುತ್ತಿದ್ದ ಕಾಲವೊಂದಿತ್ತು.

16

ಒಂದು ಜೊತೆ ಸೆಲ್ಲಿಗೆ ಎಷ್ಟು ಫೋಟೋ ಎಂಬುದನ್ನು ಅಳೆಯಲು ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾ ಒಂದು ಕ್ರಮ ಹಾಕಿದೆ. 30 ಸೆಕೆಂಡಿಗೊಂದು ಫೋಟೋ. ಪ್ರತಿ ಸಲವೂ ಜೂಮನ್ನು ಈ ತುದಿಯಿಂದ ಆ ತುದಿಗೆ ಒಯ್ಯಬೇಕು. ಒಂದು ಬಿಟ್ಟು ಒಂದಕ್ಕೆ ಫ್ಲ್ಯಾಶ್. ಹತ್ತು ಫೋಟೋ ಆದ ಮೇಲೆ ಆರಿಸಿ ಮತ್ತೆ ಹೊತ್ತಿಸಬೇಕು. ಕೋಣೆಯ ಉಷ್ಣತೆ 23 ಡಿಗ್ರಿ.

ಹೀಗೆ ಫೋಟೋ ತೆಗೆಯುವ ಮನುಷ್ಯ ಇನ್ನೂ ಎದುರಾಗಿಲ್ಲ. ತೆಗೆದ ಫೋಟೋವನ್ನು ಹತ್ತು ಜನಕ್ಕೆ ಪರದೆಯಲ್ಲಿ ತೋರಿಸುವ ಸಮಯ ಆ ಕ್ರಮದಲ್ಲಿ ಇಲ್ಲ.

17

ಸೆಲ್ಲಿಗೂ ಕಾರ್ಡಿಗೂ ಒಂದೇ ಬಾಗಿಲು. ಒಳಗಿನ ಸ್ಪ್ರಿಂಗ್‌ಗಳು ಎರಡು ಸೆಲ್ಲನ್ನೂ ಯಾವಾಗಲೂ ಹೊರಕ್ಕೆ ನೂಕುತ್ತಿರುತ್ತವೆ. ಅಷ್ಟನ್ನೂ ತಡೆಯುವುದು ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಕೊಂಡಿ. ಹಳೆಯ ಸೆಲ್ ಕ್ಯಾಮೆರಾಗಳ ರಾಶಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದವು ಯಾವಾಗಲೂ ಕೆಲವು. ಲೆನ್ಸ್ ಸರಿ, ಪರದೆ ಸರಿ, ಸೆನ್ಸರ್ ಸರಿ.

ಡಬ್ಬದ ಮೇಲೆ ಕೊಂಡಿಯ ಬಗ್ಗೆ ಏನೂ ಇರುವುದಿಲ್ಲ. ವಿಮರ್ಶೆಗಳಲ್ಲಿಯೂ ಅಪರೂಪ.

18

ತಳದಲ್ಲಿ ಟ್ರೈಪಾಡ್ ತಿರುಪಿನ ಕುಳಿ. ವ್ಯಾಸ ಕಾಲು ಇಂಚು, ಇಂಚಿಗೆ 20 ಸುತ್ತು. ಜಪಾನಿನ ಕಂಪನಿ, ಒಳಗಿನ ತಿರುಪುಗಳೆಲ್ಲ ಮಿಲಿಮೀಟರ್ ಲೆಕ್ಕದವು. ಇದೊಂದು ಮಾತ್ರ ಇಂಚು. ಲಕ್ಷ ರೂಪಾಯಿಯ ಕ್ಯಾಮೆರಾಕ್ಕೂ ಇದೇ ಅಳತೆ. ಅಲ್ಲಿ ಕುಳಿ ಲೋಹದ್ದು, ಲೆನ್ಸ್‌ನ ನೇರಕ್ಕೆ. ಅಗ್ಗದವುಗಳಲ್ಲಿ ಹಲವು ಸಲ ಪ್ಲಾಸ್ಟಿಕ್, ಒಂದು ಮೂಲೆಗೆ.

ಕುಳಿಯಲ್ಲಿ ಧೂಳು ಕೂತಿದೆಯೇ, ಅಂಚು ಸವೆದಿದೆಯೇ ಎಂದು ನೋಡುವ ಅಭ್ಯಾಸವಾಗಿದೆ. ಸವೆದ ಕುಳಿ ಈವರೆಗೆ ಕಂಡಿಲ್ಲ.

19

ಸವೆದಿರುವುದು ಪ್ಲೇ ಗುಂಡಿ. ಅದರ ಮೇಲಿನ ತ್ರಿಕೋನ ಅಳಿಸಿಹೋಗಿರುತ್ತದೆ. ಮೆನು ಗುಂಡಿ ಹೊಸದರಂತೆ.

20

ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳಲ್ಲಿಯೂ ಫೋಟೋ ತೆಗೆಯುವ ಗುಂಡಿ ಬಲಗೈಗೆ. ಜರ್ಮನಿಯ ಎಕ್ಸಾಕ್ಟಾ ಎಂಬ ಹಳೆಯ ಕ್ಯಾಮೆರಾದಲ್ಲಿ ಎಡಗೈಗೆ ಇತ್ತು.

21

ಮುಂಭಾಗದಲ್ಲಿ ಒಂದು ಪುಟ್ಟ ದೀಪ. ಕತ್ತಲಲ್ಲಿ ಫೋಕಸ್ ಹುಡುಕಲು ಅದೇ. ಹತ್ತು ಸೆಕೆಂಡ್ ಎಣಿಸುವಾಗ ಮಿನುಗುವುದು ಅದೇ. ಕಣ್ಣು ಕೆಂಪಾಗದಂತೆ ಪಾಪೆ ಕುಗ್ಗಿಸಲು ಮೊದಲೇ ಉರಿಯುವುದೂ ಅದೇ. ಜನ ಆ ದೀಪ ಉರಿದ ಕೂಡಲೇ ಫೋಟೋ ಆಯಿತೆಂದು ನಗು ಬಿಡುತ್ತಾರೆ. ಫ್ಲ್ಯಾಶ್ ಆಮೇಲೆ ಬರುತ್ತದೆ.

22

ಎರಡು ಸೆಲ್ಲಿನ ಮೂರು ವೋಲ್ಟನ್ನು ಫ್ಲ್ಯಾಶ್‌ಗಾಗಿ ಸುಮಾರು 300 ವೋಲ್ಟ್‌ಗೆ ಏರಿಸಿ ಕೆಪಾಸಿಟರಿನಲ್ಲಿ ತುಂಬಿಡುತ್ತಾರೆ. ಕಿವಿಗೆ ಹಿಡಿದರೆ ಸಣ್ಣ ಸಿಳ್ಳು ಕೇಳುತ್ತದೆ; ಏರುತ್ತ ಏರುತ್ತ ಕೇಳದಾಗುತ್ತದೆ. ಕ್ಯಾಮೆರಾ ಆರಿಸಿದ ಮೇಲೂ, ಸೆಲ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ರಿಪೇರಿಯವರು ಬಿಚ್ಚಿದ ಕೂಡಲೇ ಮೊದಲು ಅದನ್ನು ಖಾಲಿ ಮಾಡುತ್ತಾರೆ. ಮಾಡದವರು ಒಂದೇ ಸಲಕ್ಕೆ ಕಲಿಯುತ್ತಾರೆ.

23

ಫ್ಲ್ಯಾಶ್ ಮತ್ತು ಲೆನ್ಸ್ ನಡುವೆ ಎರಡು ಮೂರು ಬೆರಳಿನ ದೂರ. ಲೆನ್ಸ್‌ನ ಮುಂದೆಯೇ ತೇಲುವ ಧೂಳಿನ ಕಣಕ್ಕೆ ಫ್ಲ್ಯಾಶ್ ಬಿದ್ದರೆ ಬೆಳಕು ನೇರ ಹಿಂದಿರುಗುತ್ತದೆ. ಕಣ ಫೋಕಸ್‌ನಲ್ಲಿ ಇಲ್ಲದ್ದರಿಂದ ದುಂಡಗೆ, ಪಾರದರ್ಶಕವಾಗಿ, ಚಂದ್ರನ ಹಾಗೆ ಬೀಳುತ್ತದೆ. ಫಿಲ್ಮ್ ಕಾಲದಲ್ಲಿ ಇವು ವಿರಳ. ಸಣ್ಣ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಹಲವು ದೇಶಗಳಲ್ಲಿ ಜನ ಈ ಉಂಡೆಗಳನ್ನು ಆತ್ಮ ಎಂದು ಕರೆದರು. ಹಳೆಯ ಮನೆಗಳಲ್ಲಿ ಹೆಚ್ಚು ಕಾಣಿಸುತ್ತವೆ ಎಂದೂ ಬರೆದರು.

ಹಳೆಯ ಮನೆಗಳಲ್ಲಿ ಧೂಳು ಹೆಚ್ಚು.

24

ಕ್ಲಿಕ್ ಎಂಬ ಶಬ್ದ ಸ್ಪೀಕರಿನದು. ಮೆನುವಿನಲ್ಲಿ ಬೇರೆ ಶಬ್ದಗಳೂ ಇವೆ. ಒಳಗೆ ನಿಜವಾದ ಶಟರ್ ಒಂದಿದೆ. ಸ್ಪೀಕರ್ ಮುಚ್ಚಿ ಕಿವಿಗೊಟ್ಟರೆ ಅದೂ ಟಿಕ್ ಎನ್ನುತ್ತದೆ. ತೀರ ಮೆಲ್ಲಗೆ.

25

ಪರದೆಯಲ್ಲಿ ಬೀದಿದೀಪವನ್ನೋ ಸೂರ್ಯನನ್ನೋ ಹಿಡಿದರೆ ಮೇಲಿನಿಂದ ಕೆಳಗಿನವರೆಗೆ ನೇರಳೆ ಬಣ್ಣದ ಗೆರೆ ಬೀಳುತ್ತದೆ. ಗುಂಡಿ ಒತ್ತಿ ನೋಡಿದರೆ ಫೋಟೋದಲ್ಲಿ ಗೆರೆ ಇಲ್ಲ.

ಇದರೊಳಗಿನ ಸಿಸಿಡಿ ಎಂಬ ಬಗೆಯ ಸೆನ್ಸರ್ ತನ್ನ ವಿದ್ಯುತ್ ಕಣಗಳನ್ನು ಕಂಬಸಾಲಿನಲ್ಲಿ ಒಂದರ ಹಿಂದೆ ಒಂದರಂತೆ ಕೆಳಗೆ ಸಾಗಿಸುತ್ತದೆ. ಸಾಗುವಾಗಲೂ ಬೆಳಕು ಬೀಳುತ್ತಿದ್ದರೆ ದಾರಿಯುದ್ದಕ್ಕೂ ಸೋರುತ್ತದೆ. ಫೋಟೋ ತೆಗೆಯುವಾಗ ಆ ಮೆಲ್ಲಗಿನ ಶಟರ್ ಮುಚ್ಚಿಕೊಂಡು ಕತ್ತಲು ಮಾಡಿದ ಮೇಲೆ ಸಾಗಾಟ. ವಿಡಿಯೋ ತೆಗೆಯುವಾಗ ಮುಚ್ಚುವುದಿಲ್ಲ; ಅಲ್ಲಿ ಗೆರೆ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಗೆರೆ ನೋಡಿ ಪರದೆ ಹೋಗಿದೆ ಎಂದು ಬೆಲೆ ಇಳಿಸುತ್ತಾರೆ. ಮಾರುವವನಿಗೂ ಗೊತ್ತಿಲ್ಲ. ಇಳಿಸುತ್ತಾನೆ.

26

ಸಿಸಿಡಿಯನ್ನು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದರು. ನೊಬೆಲ್ ಬಂದಿದ್ದು 2009ರಲ್ಲಿ. ಮರುವರ್ಷ ಈ ಕ್ಯಾಮೆರಾ. ಆ ಹೊತ್ತಿಗಾಗಲೇ ಫೋನುಗಳೂ ದೊಡ್ಡ ಕ್ಯಾಮೆರಾಗಳೂ ಸಿಮಾಸ್ ಎಂಬ ಬೇರೆ ಬಗೆಯ ಸೆನ್ಸರಿಗೆ ಹೋಗಿದ್ದವು.

27

1975. ಕೊಡಾಕ್‌ನ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ. ತೂಕ 3.6 ಕಿಲೋ. 16 ಬ್ಯಾಟರಿ. ಅಡ್ಡಕ್ಕೆ 100, ಉದ್ದಕ್ಕೆ 100 ಚುಕ್ಕಿ. ಕಪ್ಪುಬಿಳುಪು. ಚಿತ್ರ ಹೋಗಿ ಕೂರುತ್ತಿದ್ದದ್ದು ಆಡಿಯೋ ಕ್ಯಾಸೆಟ್ಟಿನಲ್ಲಿ, 23 ಸೆಕೆಂಡ್ ತೆಗೆದುಕೊಂಡು. ಲೆನ್ಸನ್ನು ಸೂಪರ್ 8 ಸಿನಿಮಾ ಕ್ಯಾಮೆರಾದ ಬಿಡಿಭಾಗಗಳಿಂದ ತಂದಿದ್ದರು.

ಅದರಲ್ಲಿ ನೋಡಲು ಪರದೆ ಇರಲಿಲ್ಲ. ತೆಗೆದದ್ದನ್ನು ಟೀವಿಯಲ್ಲಿ ನೋಡಬೇಕಿತ್ತು.

28

ಎ490ರ ಜೊತೆಗೇ ಎ495 ಬಂತು. ಅದೇ 10 ಮೆಗಾಪಿಕ್ಸೆಲ್, ಅದೇ ಜೂಮ್, ಅದೇ ಪರದೆ, ಅದೇ ಎರಡು ಸೆಲ್. ಫೋಕಸ್ ಬಿಂದು ಒಂದರಲ್ಲಿ 5, ಇನ್ನೊಂದರಲ್ಲಿ 9. ಎ495 ಹಲವು ಬಣ್ಣಗಳಲ್ಲಿ ಸಿಗುತ್ತಿತ್ತು. ಬೆಲೆ ಸ್ವಲ್ಪ ಹೆಚ್ಚು. ಎರಡನ್ನೂ ಎದುರಿಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ ಎ495 ಕೊಂಡವರಿದ್ದಾರೆ.

29

ಬೆಂಗಳೂರಿನ ಚಿಕ್ಕಪೇಟೆ ಬಳಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆ. ಟಾರ್ಪಾಲಿನ ಮೇಲೆ ಚಾರ್ಜರು, ಕೈಗಡಿಯಾರ, ಮಿಕ್ಸಿ ಜಾರು, ನಡುವೆ ಕ್ಯಾಮೆರಾಗಳ ಗುಡ್ಡೆ. ಮಾರುವವ ಸಾಮಾನ್ಯವಾಗಿ ಸೆಲ್ ಇಟ್ಟುಕೊಂಡಿರುವುದಿಲ್ಲ. “ಶೆಲ್ ಹಾಕಿದ್ರೆ ಓಡುತ್ತೆ” ಅನ್ನುತ್ತಾನೆ. ತಿಳಿದವರು ಜೇಬಿನಲ್ಲಿ ಎರಡು ಸೆಲ್, ಒಂದು ಕಾರ್ಡ್ ತರುತ್ತಾರೆ. ಅವರು ಸೆಲ್ ಹೊರತೆಗೆದ ಕೂಡಲೇ ಬೆಲೆ ಏರುತ್ತದೆ.

30

ಅಲ್ಲಿ ಪರೀಕ್ಷೆ ಮಾಡುವ ಕ್ರಮಗಳು, ಕಂಡಂತೆ:

ಅಲ್ಲಾಡಿಸಿ ಕೇಳುವುದು. ಗಡಗಡ ಎಂದರೆ ಬೇಡ.

ಲೆನ್ಸ್ ಹೊರಬರುವಾಗಿನ ಶಬ್ದ. ಮರಳು ಸಿಕ್ಕಿದ್ದರೆ ಹಲ್ಲು ಕಡಿದ ಹಾಗೆ. ಒಂದರೊಳಗೊಂದು ಕೂತ ಕೊಳವೆಗಳು. ಸಮುದ್ರತೀರಕ್ಕೆ ಹೋಗಿ ಬಂದ ಕ್ಯಾಮೆರಾಗಳು ಅಲ್ಲಿಯೇ ಕೆಡುತ್ತವೆ. ಪರದೆಯ ಮೇಲೆ ಲೆನ್ಸ್ ಎರರ್ ಎಂದು ಬಂದು ತಾನಾಗಿಯೇ ಆರುತ್ತದೆ. ಯಾವ ಕಂಪನಿಯದಾದರೂ ಅಷ್ಟೇ.

ಲೆನ್ಸ್‌ನ ಮೇಲೆ ಮುಚ್ಚುವ ಎರಡು ತೆಳು ರೆಪ್ಪೆಗಳು. ಒಂದು ಪೂರ್ತಿ ಮುಚ್ಚದಿದ್ದರೆ ಬೆರಳಿನಿಂದ ನೂಕುತ್ತಾರೆ.

ಬಿಳಿ ಗೋಡೆಯ ಫೋಟೋ. ಸೆನ್ಸರ್ ಮೇಲೆ ಧೂಳು ಕೂತಿದ್ದರೆ ಬೂದು ಮಚ್ಚೆ. ಸಂತೆಯಲ್ಲಿ ಬಿಳಿ ಗೋಡೆ ಇಲ್ಲ. ಪಕ್ಕದವನ ಪಂಚೆ ಆಗುತ್ತದೆ.

ಅಂಗೈಯಿಂದ ಲೆನ್ಸ್ ಮುಚ್ಚಿ ದೀರ್ಘ ಹೊತ್ತಿನ ಫೋಟೋ. ಕಪ್ಪಿನಲ್ಲಿ ಕೆಂಪು ನೀಲಿ ಚುಕ್ಕಿ ಕಂಡರೆ ಅವು ಕೆಟ್ಟ ಪಿಕ್ಸೆಲ್. ಹೊಸ ಕ್ಯಾಮೆರಾದಲ್ಲಿಯೂ ಇರುತ್ತವೆ. ಕಾರ್ಖಾನೆಯಲ್ಲಿ ಅವುಗಳ ಪಟ್ಟಿ ಮಾಡಿ, ಆ ಜಾಗಕ್ಕೆ ಪಕ್ಕದ ಚುಕ್ಕಿಯಿಂದ ತುಂಬಲು ಕ್ಯಾಮೆರಾಕ್ಕೆ ಹೇಳಿರುತ್ತಾರೆ.

31

ಎಷ್ಟು ಓಡಿದೆ ಎಂದು ತಿಳಿಯಲು ಫೋಟೋದ ಸಂಖ್ಯೆ ನೋಡುತ್ತಾರೆ. ಐಎಂಜಿ 0412 ಎಂದಿದ್ದರೆ ಹೊಸದರಂತೆ. ಆದರೆ 9999 ಆದ ಮೇಲೆ ಮತ್ತೆ 0001. ಬೇರೆ ಕ್ಯಾಮೆರಾದ ಕಾರ್ಡ್ ಹಾಕಿದರೆ ಅದರ ಸಂಖ್ಯೆಯಿಂದ ಮುಂದುವರಿಯುವುದೂ ಇದೆ. ಮೆನುವಿನಲ್ಲಿ ಮೊದಲಿನಿಂದ ಎಣಿಸು ಎಂಬ ಆಯ್ಕೆಯೂ ಇದೆ.

32

ಕೆಲವು ಕಂಪನಿಗಳ ಕ್ಯಾಮೆರಾಗಳಿಗೆ ಒಳಗೆ ಸ್ವಲ್ಪ ಮೆಮೊರಿ ಇರುತ್ತದೆ. ಕಾರ್ಡ್ ಹಾಕಿರುವಾಗ ಅದು ಕಾಣುವುದಿಲ್ಲ. ಮಾರುವವರು ಕಾರ್ಡ್ ತೆಗೆದು ಕೊಡುತ್ತಾರೆ. ಒಳಗಿನದು ಹಾಗೆಯೇ ಬರುತ್ತದೆ.

ಒಂದರಲ್ಲಿ ಕಂಡದ್ದು: ಕರೆಂಟ್ ಮೀಟರ್. ಅದೇ ಮೀಟರ್, ಹತ್ತಿರದಿಂದ. ಖಾಲಿ ಕೋಣೆ. ಒಡೆದ ಸಿಂಕು. ಮತ್ತೆ ಮೀಟರ್.

33

ಹೊತ್ತಿಸಿದ ಕೂಡಲೇ ತಾರೀಖು ಕೇಳುತ್ತದೆ. ಗಡಿಯಾರ ನಡೆಸುವ ಗುಂಡಿ ಸೆಲ್ ಸತ್ತಿರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ಫೋಟೋಗಳ ಮೇಲೆ ಯಾವುದೋ ಜನವರಿ 1 ಬೀಳುತ್ತದೆ. ಸಂತೆಯಲ್ಲಿ ಪರೀಕ್ಷೆಗೆ ತೆಗೆದ ಎಲ್ಲ ಫೋಟೋಗಳೂ ಜನವರಿ 1ರವು.

34

ಕಾರ್ಡಿನೊಳಗೆ ಡಿಸಿಐಎಂ ಎಂಬ ಫೋಲ್ಡರ್. 1998ರಲ್ಲಿ ಜಪಾನಿನ ತಯಾರಕರು ಸೇರಿ ಗೊತ್ತು ಮಾಡಿದ ಹೆಸರು. ಒಬ್ಬರ ಕಾರ್ಡ್ ಇನ್ನೊಬ್ಬರ ಕ್ಯಾಮೆರಾದಲ್ಲಿ, ಸ್ಟುಡಿಯೋದ ಯಂತ್ರದಲ್ಲಿ ತೆರೆದುಕೊಳ್ಳಲಿ ಎಂದು. ಇವತ್ತಿನ ಫೋನಿನಲ್ಲಿಯೂ ಹುಡುಕಿದರೆ ಸಿಗುತ್ತದೆ. ಕಾರ್ಡ್ ಹಾಕಲು ಜಾಗವೇ ಇಲ್ಲದ ಫೋನಿನಲ್ಲಿಯೂ.

35

ಎಸ್‌ಡಿ ಕಾರ್ಡಿನ ಬದಿಯಲ್ಲಿ ಜಾರುವ ಪುಟ್ಟ ಬೀಗ. ಕೆಳಗೆ ಸರಿಸಿದರೆ ಕಾರ್ಡಿಗೆ ಬರೆಯಲಾಗುವುದಿಲ್ಲ ಎಂದು ನಂಬಿಕೆ. ಬೀಗಕ್ಕೂ ಒಳಗಿನ ಚಿಪ್ಪಿಗೂ ತಂತಿಯ ಸಂಬಂಧವಿಲ್ಲ. ಬರೀ ಪ್ಲಾಸ್ಟಿಕ್. ಬೀಗ ಎಲ್ಲಿದೆ ಎಂದು ನೋಡುವುದು ಕ್ಯಾಮೆರಾದ ಕೆಲಸ. ಮರ್ಯಾದೆ ಕೊಡುವುದೂ ಬಿಡುವುದೂ ಅದರದೇ.

ಈ ಸಂದಿನಲ್ಲಿ ಕೆಲವರು ನುಗ್ಗಿದ್ದಾರೆ. ಸಿಎಚ್‌ಡಿಕೆ ಎಂಬ ಹವ್ಯಾಸಿಗಳ ತಂತ್ರಾಂಶವಿದೆ, ಬಿಟ್ಟಿ. ಅದನ್ನು ಕಾರ್ಡಿಗೆ ಹಾಕಿ, ಬೀಗ ಜಡಿದು, ಕ್ಯಾನನ್‌ನ ಸಣ್ಣ ಕ್ಯಾಮೆರಾಗಳಿಗೆ ತುರುಕಿದರೆ ಹೊತ್ತಿಕೊಳ್ಳುವಾಗಲೇ ಆ ತಂತ್ರಾಂಶ ಓಡುತ್ತದೆ. ಆಮೇಲೆ ಬೀಗ ಹಾಕಿದ ಕಾರ್ಡಿಗೇ ಫೋಟೋ ಬರೆಯುತ್ತದೆ. ಸೆನ್ಸರ್‌ನ ಕಚ್ಚಾ ಮಾಹಿತಿ ಸಿಗುತ್ತದೆ. ನಿಮಿಷಕ್ಕೊಂದು ಫೋಟೋ ತಾನಾಗಿಯೇ ತೆಗೆಯುತ್ತದೆ. ದುಬಾರಿ ಕ್ಯಾಮೆರಾದ ಎಷ್ಟೋ ಕೆಲಸಗಳು ಅಗ್ಗದ್ದರಲ್ಲಿಯೂ ಆಗುತ್ತವೆ.

ಬೀಗ ತೆಗೆದು ಹಾಕಿದರೆ ಕ್ಯಾಮೆರಾ ಮೊದಲಿನಂತೆ.

ಹಾಗಾದರೆ ಎ490ರ ಯಂತ್ರಾಂಗಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬ ಪಟ್ಟಿಯನ್ನು ಎರಡು ಸಲ ಬರೆಯಬೇಕು.

36

2005ರ ಅಕ್ಟೋಬರ್‌ನಲ್ಲಿ ಒಂದರ ಹಿಂದೆ ಒಂದು ಕಂಪನಿ ಪ್ರಕಟಣೆ ಕೊಟ್ಟಿತು. ಸೋನಿ, ಕ್ಯಾನನ್, ನಿಕಾನ್, ಫ್ಯೂಜಿ, ಕೋನಿಕಾ ಮಿನೋಲ್ಟಾ, ಇನ್ನೂ ಕೆಲವು. ಬಿಸಿಯೂ ತೇವವೂ ಇರುವ ಕಡೆ ಸೆನ್ಸರ್ ಕೆಡಬಹುದು, ಚಿತ್ರ ನೇರಳೆಯಾಗಬಹುದು, ಬಾರದೆಯೂ ಹೋಗಬಹುದು. ತಂದುಕೊಟ್ಟರೆ ಬಿಟ್ಟಿ ಬದಲಿಸುತ್ತೇವೆ. ಎಲ್ಲರ ಸೆನ್ಸರೂ ಸೋನಿಯದು. ಹೊರಗೆ ಬೇರೆ ಬೇರೆ ಹೆಸರು ಹಚ್ಚಿ, ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟು, ಯಾವುದು ಮೇಲು ಎಂದು ಜನ ವಾದ ಮಾಡಿದ್ದ ಕ್ಯಾಮೆರಾಗಳು ಅವು.

37

ಮಲೆನಾಡಿನಲ್ಲಿ ಕೆಡುವ ಬಗೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಕ್ಯಾಮೆರಾದ ಲೆನ್ಸ್‌ನೊಳಗೆ ಬೂಷ್ಟು ಹಿಡಿಯುತ್ತದೆ. ಜೇಡನ ಬಲೆಯಂಥ ಎಳೆಗಳು. ದೊಡ್ಡ ಕ್ಯಾಮೆರಾದ ಲೆನ್ಸ್ ಬಿಚ್ಚಿ ಒರೆಸುವವರಿದ್ದಾರೆ. ಇದನ್ನು ಬಿಚ್ಚುವ ಕೂಲಿ ಕ್ಯಾಮೆರಾದ ಬೆಲೆಗಿಂತ ಹೆಚ್ಚು. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವವರಿದ್ದಾರೆ. ಬೂಷ್ಟು ಹಿಡಿದ ಲೆನ್ಸ್‌ನಲ್ಲಿ ತೆಗೆದ ಫೋಟೋ ನೋಡಿದೆ. ಏನೂ ಕಾಣಲಿಲ್ಲ, ಸ್ವಲ್ಪ ಮಂಜು, ಅಷ್ಟೇ. ಆಗುಂಬೆಯಲ್ಲಿ ತೆಗೆದದ್ದು. ಮಂಜು ಅಲ್ಲಿನದೋ ಲೆನ್ಸ್‌ನದೋ.

38

ಆಗಿನ ಎಷ್ಟೋ ಕ್ಯಾಮೆರಾಗಳು ವಿಡಿಯೋವನ್ನು 29 ನಿಮಿಷ 59 ಸೆಕೆಂಡಿಗೆ ನಿಲ್ಲಿಸುತ್ತಿದ್ದವು. ಯಂತ್ರಕ್ಕೆ ಇನ್ನೂ ಶಕ್ತಿ ಇರುತ್ತಿತ್ತು. ಯುರೋಪಿನ ಆಗಿನ ಸುಂಕದ ನಿಯಮದಲ್ಲಿ 30 ನಿಮಿಷ ಓಡಿದರೆ ಅದು ವಿಡಿಯೋ ಕ್ಯಾಮೆರಾ, ಸುಂಕ ಬೇರೆ ಇತ್ತು. ಬೆಂಗಳೂರಿನಲ್ಲಿ ಕೊಂಡ ಕ್ಯಾಮೆರಾವೂ ಅಲ್ಲಿಯೇ ನಿಲ್ಲುತ್ತಿತ್ತು.

ಎ490ಕ್ಕೆ ಈ ತೊಂದರೆ ಇರಲಿಲ್ಲ. ಅದರ ವಿಡಿಯೋ 640ಕ್ಕೆ 480. ಸುಂಕದವರ ಲೆಕ್ಕಕ್ಕೆ ಸಾಲದಷ್ಟು ಚಿಕ್ಕದು.

39

2010ರಲ್ಲಿ ಜಪಾನಿನ ಸಂಘ ಸಿಪಾದ ಲೆಕ್ಕದಂತೆ ಕಾರ್ಖಾನೆಗಳಿಂದ ಹೊರಟ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. ಅದಕ್ಕಿಂತ ಹೆಚ್ಚು ಮೊದಲೂ ಇಲ್ಲ, ಆಮೇಲೂ ಇಲ್ಲ. 2023ರಲ್ಲಿ 77 ಲಕ್ಷ.

40

ಸಂತೆಗೆ ಈಗ ಕಾಲೇಜಿನ ಹುಡುಗ ಹುಡುಗಿಯರು ಬರುತ್ತಾರೆ. ಮೆಗಾಪಿಕ್ಸೆಲ್ ಕೇಳುವುದಿಲ್ಲ. “ಸಿಸಿಡಿನಾ?” ಅನ್ನುತ್ತಾರೆ. ಅದರ ಬಣ್ಣವೇ ಬೇರೆ ಎಂದು ಅವರ ಮಾತು. ಅವರ ಕೈಯ ಫೋನಿನ ಕ್ಯಾಮೆರಾ ಹೆಚ್ಚಿನ ಅಳತೆಗಳಲ್ಲಿ ಇದಕ್ಕಿಂತ ಮೇಲು. ಫ್ಲ್ಯಾಶ್ ಹಾಕಿ ಮುಖ ಬಿಳಿಚಿಕೊಂಡು ಹಿನ್ನೆಲೆ ಕಪ್ಪಾದ ಫೋಟೋ ಬಂದರೆ ಖುಷಿಪಡುತ್ತಾರೆ. ಆಗ ಅದನ್ನು ಡಿಲೀಟ್ ಮಾಡುತ್ತಿದ್ದೆವು.

ಮಾರುವವ ಒಂದು ತಿಂಗಳಲ್ಲಿ ಕಲಿತುಕೊಂಡ. ಈಗ ಎಲ್ಲವೂ ಸಿಸಿಡಿ.

41

ಆ ಹುಡುಗ ಹುಡುಗಿಯರು ಕೊಂಡು, ಫೋಟೋ ತೆಗೆದು, ಆ ಫೋಟೋ ಕಳಿಸಲು ಮಾಡುವ ಕ್ರಮ: ಕ್ಯಾಮೆರಾದ ಪರದೆಯ ಮೇಲೆ ಬಂದ ಚಿತ್ರಕ್ಕೆ ಫೋನ್ ಹಿಡಿದು ಇನ್ನೊಂದು ಫೋಟೋ. ಕೋಟಿ ಪಿಕ್ಸೆಲ್ ಒಳಗಿನ ಕಾರ್ಡಿನಲ್ಲಿ ಉಳಿಯುತ್ತದೆ. ಹೋಗುವುದು 38,000.

42

ಸಂತೆಯಲ್ಲಿ ಕ್ಯಾಮೆರಾ ಗುಡ್ಡೆಯ ಪಕ್ಕದಲ್ಲಿ ಟೀವಿ ರಿಮೋಟಿನ ಗುಡ್ಡೆ. ರಿಮೋಟಿನ ಬೆಳಕು ಕಣ್ಣಿಗೆ ಕಾಣದು. ಸಣ್ಣ ಕ್ಯಾಮೆರಾದ ಸೆನ್ಸರ್‌ಗೆ ಕಾಣುತ್ತದೆ. ಅಂಥ ಬೆಳಕನ್ನು ತಡೆಯಲು ಮುಂದೆ ಹಾಕಿದ ಗಾಜು ಪೂರ್ತಿ ತಡೆಯುವುದಿಲ್ಲ. ಗುಂಡಿ ಒತ್ತಿದರೆ ಪರದೆಯಲ್ಲಿ ನಸುನೇರಳೆ ಚುಕ್ಕಿ ಮಿನುಗುತ್ತದೆ.

ರಿಮೋಟ್ ಮಾರುವವನು ಗಿರಾಕಿಗೆ ತೋರಿಸಲು ಪಕ್ಕದವನ ಕ್ಯಾಮೆರಾ ತೆಗೆದುಕೊಳ್ಳುತ್ತಾನೆ. ಕ್ಯಾಮೆರಾ ಮಾರುವವನು ಸೆನ್ಸರ್ ಸರಿ ಇದೆ ಎಂದು ತೋರಿಸಲು ಪಕ್ಕದವನ ರಿಮೋಟ್ ತೆಗೆದುಕೊಳ್ಳುತ್ತಾನೆ. ಒಮ್ಮೆ ಒಬ್ಬ ಗಿರಾಕಿಯ ಮುಂದೆ ಚುಕ್ಕಿ ಮಿನುಗಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರಿಮೋಟಿನ ಸೆಲ್ ತೆಗೆದು ಕ್ಯಾಮೆರಾಕ್ಕೆ, ಕ್ಯಾಮೆರಾದ್ದನ್ನು ರಿಮೋಟಿಗೆ ಹಾಕಿದರು.